ಕುಂದಾ ಮೆತ್ತಿದ ಕ್ಲಾರಿಯೊನೆಟ್

ಖಾನಾಪುರದ ಭರಮಾ ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದುವವನು. ಮೆರವಣಿಗೆಗೆ ಮುಂಚೆ ವರನ ಗೆಳೆಯರು ಬ್ಯಾಂಡಿನವರಿಗೆ ಬಾಟಲಿ ಕೊಡುವುದು ರೂಢಿ, ಹಾಳು ರೂಢಿ! ಕುಡಿತ ಬಿಟ್ಟಿದ್ದ ಭರಮಾ ಆಸೆಯಾದಾಗಲೆಲ್ಲ ಬಾಯಿಗೆ ಬೆಳಗಾವಿಯ ಸಿಹಿತಿಂಡಿ ಕುಂದಾ ಹಾಕಿಕೊಳ್ಳುತ್ತಿದ್ದ. ಹಿಂದವಾಡಿಯ ಮದುವೆಯಲ್ಲಿ ಬಾಟಲಿ ಕಂಡೊಡನೆ ದೊಡ್ಡ ತುತ್ತನ್ನೇ ಹಾಕಿಕೊಂಡು, ನುಂಗುವ ಮೊದಲೇ ಊದಿಬಿಟ್ಟ. ವಾದ್ಯ ಕೀಂ ಎಂದು ಕಿರುಚಿತು. ವರನ ಕುದುರೆ ಕಿವಿ ನಿಮಿರಿಸಿತು.

"ಮತ್ತ ಕುಡದೀ ಏನಲೇ?" ಬ್ಯಾಂಡಿನ ಯಜಮಾನ ಹುಸೇನಸಾಬ ಗದರಿದ.

"ಇಲ್ರೀ ಚಾಚಾ, ಕುಂದಾ ಸಿಕ್ಕೊಂಡೈತ್ರೀ!"

ಮೆರವಣಿಗೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಭರಮಾ. ಕುಡಿದು ಊದುತ್ತಿದ್ದ ವರ್ಷಗಳಲ್ಲಿ ಅವನ ಅಪಸ್ವರ ಊರಿಗೆಲ್ಲ ಕೇಳಿಸುತ್ತಿತ್ತು, ಅವನಿಗೊಬ್ಬನಿಗೆ ಕೇಳಿಸುತ್ತಿರಲಿಲ್ಲ. ಇವತ್ತು ಎಲ್ಲರಿಗಿಂತ ಮೊದಲು ಅವನಿಗೇ ಕೇಳಿಸಿತ್ತು.