ಹಿಂದಿನ ಬೆಂಚೂ ಸೇರಿದ ಉತ್ತರ

ಪದವಿ ಪರೀಕ್ಷೆಯಲ್ಲಿ ನಿಮಗೆ ಪೂರ್ಣ ಅಂಕ ತಂದುಕೊಟ್ಟ ಉತ್ತರವೊಂದನ್ನು ನೆನಪಿಸಿಕೊಳ್ಳಿ. ಅದನ್ನು ಬರೆಯುವಾಗ ಅದರ ಅರ್ಥ ನಿಮಗೆ ಗೊತ್ತಿತ್ತೇ?

ನನಗಂತೂ ಎಷ್ಟೋ ಸಲ ಗೊತ್ತಿರಲಿಲ್ಲ. ಚಿತ್ರದುರ್ಗದ ಕಾಲೇಜೊಂದರಲ್ಲಿ ಭೂವಿಜ್ಞಾನದ ಅಧ್ಯಾಪಕಿಯಾದ ಮೇಲೆ ಈ ಸಂಗತಿಯನ್ನು ಸಲೀಸಾಗಿ ಮರೆತೆ. ಮೇಜಿನ ಆಚೆ ಬದಿಯಿಂದ ಈಚೆ ಬದಿಗೆ ಬಂದವರಿಗೆ ಮರೆವು ಸಂಬಳದೊಡನೆ ಸಿಗುವ ಸವಲತ್ತು.

ಓದುವ ಕಾಲದಲ್ಲಿ ನಾನು ಚರ್ಚಾಸ್ಪರ್ಧೆಗಳ ಹುಲಿ. ಉನ್ನತ ಶಿಕ್ಷಣಕ್ಕೆ ಇಂಗ್ಲಿಷೇ ಬೇಕೆಂದು ಒಂದು ವರ್ಷ, ಕೂಡದೆಂದು ಮರುವರ್ಷ ವಾದಿಸಿ ಎರಡು ಸಲವೂ ಗೆದ್ದವಳು. ಎರಡೂ ಪಕ್ಷದಲ್ಲಿ ಗೆದ್ದವರಿಗೆ ಮೂರನೆಯ ದಾರಿಯೊಂದನ್ನು ತಾವೇ ಕಂಡುಹಿಡಿದೆವೆಂಬ ಭ್ರಮೆ ಅಂಟಿಕೊಳ್ಳುತ್ತದೆ. ನನ್ನ ದಾರಿ ಇದು: ವಿಷಯವನ್ನೂ ಇಂಗ್ಲಿಷನ್ನೂ ಒಂದೇ ತರಗತಿಯಲ್ಲಿ ಒಟ್ಟಿಗೆ ಕಲಿಸಬೇಕು. ಸಭೆಗಳಲ್ಲಿ ಇದನ್ನು ಮಂಡಿಸಿದಾಗ ಚಪ್ಪಾಳೆ ಬಿತ್ತು. ತರಗತಿಯಲ್ಲಿ ನಾನು ಮಾಡುತ್ತಿದ್ದುದು ಮಾತ್ರ ಒಂದೇ ಕೆಲಸ, ಗಂಟೆ ಹೊಡೆಯುವ ತನಕ ಇಂಗ್ಲಿಷಿನಲ್ಲಿ ನೋಟ್ಸ್ ಬರೆಸುವುದು. ನಮ್ಮ ಕಡೆ ಒಳ್ಳೆಯ ಪಾಠವೆಂದರೆ ಅದೇ. ಹೊಸದುರ್ಗ, ಹಿರಿಯೂರುಗಳಿಂದ ಬೆಳಗಿನ ಬಸ್ಸಿಗೆ ನಿಂತುಕೊಂಡೇ ಬರುವ ಮಕ್ಕಳು ನೋಟ್ಸ್ ಸಿಗದ ದಿನ ಪಾಠವೇ ಆಗಲಿಲ್ಲವೆಂದು ಪೆಚ್ಚಾಗುತ್ತಾರೆ.

ಕಳೆದ ವರ್ಷ ಕಿರುಪರೀಕ್ಷೆಯ ಉತ್ತರಪತ್ರಿಕೆಗಳು ನನ್ನ ಮೇಜಿನ ಮೇಲಿದ್ದವು. ಇಂಗ್ಲಿಷ್ ವಿಭಾಗದ ಬಸವರಾಜಪ್ಪನವರು ಟೀ ಕುಡಿಯುತ್ತ ಒಂದನ್ನೆತ್ತಿ ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಓದಿದರು.

"ಮೇಡಂ, ನಿಮ್ಮ ಸಬ್ಜೆಕ್ಟಿನಾಗೆ ಹಿಂದಿನ ಬೆಂಚಿನ ಮೇಲೂ ಪ್ರಶ್ನೆ ಕೇಳ್ತೀರೇನು?"

ಇಸಿದುಕೊಂಡು ನೋಡಿದೆ. ಕೆಲವು ಶಿಲೆಗಳಲ್ಲಿ ಖನಿಜಗಳು ಪದರ ಪದರವಾಗಿ ಜೋಡಿಸಿಕೊಂಡಿರುತ್ತವೆ. ನಮ್ಮ ಪಠ್ಯ ಅದನ್ನು ಫೋಲಿಯೇಶನ್ ಎನ್ನುತ್ತದೆ. ಅದರ ವ್ಯಾಖ್ಯೆ ದುಂಡಗಿನ ಇಂಗ್ಲಿಷ್ ಅಕ್ಷರಗಳಲ್ಲಿ, ಒಂದು ತಪ್ಪೂ ಇಲ್ಲದೆ, ಅಲ್ಲಿತ್ತು. ನಡುವೆ ಅಷ್ಟೇ ದುಂಡಗೆ ಇನ್ನೊಂದು ಸಾಲು: "ಐ ರಿಪೀಟ್. ಲಾಸ್ಟ್ ಬೆಂಚ್, ಸೈಲೆನ್ಸ್." ಬರೆಸುವಾಗ ನಾನು ಗದರಿದ್ದೂ ವ್ಯಾಖ್ಯೆಯೊಳಗೆ ಸೇರಿಹೋಗಿತ್ತು. ಅದಕ್ಕಿಂತ ದೊಡ್ಡ ಆಘಾತ ಅಂಚಿನಲ್ಲಿತ್ತು. ಆ ಸಾಲಿನ ಪಕ್ಕದಲ್ಲೇ ಕೆಂಪು ಶಾಯಿಯ ಸರಿ ಗುರುತು, ಕೆಳಗೆ ಹತ್ತಕ್ಕೆ ಹತ್ತು. ಹಾಕಿದವಳು ನಾನೇ. ಅಂದರೆ ಬರೆದ ಹುಡುಗಿ ಓದದೆ ಬರೆದಿದ್ದಳು, ನಾನು ಓದದೆ ತಿದ್ದಿದ್ದೆ.

ಬರೆದವಳು ತಾಳ್ಯದ ರೇಣುಕಾ, ಕೊನೆಯ ವರ್ಷದ ವಿದ್ಯಾರ್ಥಿನಿ. ಕರೆಸಿ ಕೇಳಿದೆ.

"ನೀವು ಹೇಳಿದ್ದು ಒಂದಕ್ಷರ ಬಿಡಬಾರ್ದು ಅಂತ ಬರ್ಕಂಡಿದ್ದೆ ಮೇಡಂ."

"ಅರ್ಥ ಬೇಡವೇನಮ್ಮ?"

"ಅರ್ಥ ಎಲ್ಲ ಪರೀಕ್ಷೆ ಮುಗುದ್ಮೇಲೆ ನೋಡ್ಕಳಾಣ ಅಂತ."

ವ್ಯಂಗ್ಯವಿಲ್ಲದೆ, ಶ್ರದ್ಧೆಯಿಂದ ಹೇಳಿದಳು. ಆಮೇಲೆ ತಲೆ ತಗ್ಗಿಸಿ, ಮೌಖಿಕ ಪರೀಕ್ಷೆಗೆ ತಾನು ಬರುವುದಿಲ್ಲವೆಂದಳು. ಹೊರಗಿನ ಪರೀಕ್ಷಕರು ಬಾಯಿಪಾಠವನ್ನು ನಡುವೆ ತಡೆದರೆ ಅವಳು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಹಿಂದಿನ ವರ್ಷ ಹಾಗೆ ನಾಲ್ಕು ಸಲ ಶುರು ಮಾಡಿ ಅತ್ತು ಹೊರಬಂದಿದ್ದಳಂತೆ. ಈ ವರ್ಷ ಪಾಸಾಗದಿದ್ದರೆ ಓದು ಸಾಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅವಳಿಗೋ ಎಂಎಸ್ಸಿ ಓದುವಾಸೆ. ಮೌಖಿಕಕ್ಕೆ ಉಳಿದಿದ್ದುದು ಹತ್ತೇ ದಿನ.

ವ್ಯಾಖ್ಯೆಯನ್ನು ಬದಿಗಿಟ್ಟು, ಅದು ಹೇಳುವಂಥ ಪದರಗಳಿದ್ದ ಪ್ರಯೋಗಾಲಯದ ಕಲ್ಲೊಂದನ್ನು ಅವಳ ಕೈಗಿತ್ತೆ. ಅವಳದನ್ನು ತಿರುಗಿಸಿ, ಉಗುರಿನಿಂದ ಗೀರಿ ನೋಡಿದಳು.

"ಇದು ಈ ಕಡಿಂದ ಹೊಡುದ್ರೆ ಚಪ್ಪಡಿ ಚಪ್ಪಡಿ ಏಳ್ತೈತೆ ಮೇಡಂ. ಅಡ್ಡ ಹೊಡುದ್ರೆ ಬರೀ ಚೂರು. ನಮ್ಮಪ್ಪ ಕಲ್ಲು ಒಡೆಯಾಕೆ ಮೊದ್ಲು ನೀರು ಹಾಕಿ ಎಳೆ ನೋಡ್ತಾನೆ."

ನನ್ನ ಮೂರು ಪುಟದ ನೋಟ್ಸು ಅವಳ ಅಂಗೈಯಲ್ಲಿ ಕೂತಿತ್ತು. ಮೂರು ವರ್ಷ ನಾನು ಅವಳಿಗೆ ಕಲಿಸಿದ್ದು ಅವಳಿಗೆ ಮೊದಲೇ ಗೊತ್ತಿದ್ದುದನ್ನು, ಗುರುತು ಸಿಗದ ಹಾಗೆ.

ಮರುದಿನದಿಂದ ನೋಟ್ಸ್ ನಿಂತಿತು. ಒಂದೊಂದು ಕಲ್ಲಿನ ಬಗ್ಗೆಯೂ ಮಕ್ಕಳು ಮೊದಲು ತಮ್ಮ ಮಾತಿನಲ್ಲಿ ಹೇಳುವುದು, ಆಮೇಲೆ ಅದನ್ನೇ ನಾಲ್ಕೈದು ಪದಗಳ ಇಂಗ್ಲಿಷಿಗೆ ತರುವುದು. ಒಡೆಯುವುದು, ಸೀಳುವುದು, ಕರಗುವುದು, ಇಂಥ ಕ್ರಿಯೆಗಳಿಗೆ ಇಂಗ್ಲಿಷ್ ಪದ ಒದಗಿಸಲು ಬಸವರಾಜಪ್ಪನವರೇ ಬಂದು ಕೂತರು. ಎಲ್ಲರಿಗಿಂತ ಕಷ್ಟದ ಅಭ್ಯಾಸ ನನ್ನದು: ಬಾಯಿ ಮುಚ್ಚಿಕೊಂಡಿರುವುದು. ಚರ್ಚಾಪಟುವಿಗೆ ಅದನ್ನು ಯಾರೂ ಕಲಿಸಿರುವುದಿಲ್ಲ.

ಮೌಖಿಕ ಪರೀಕ್ಷೆಗೆ ರೇಣುಕಾ ಬಂದಳು. ಪರೀಕ್ಷಕರು ವ್ಯಾಖ್ಯೆ ಕೇಳಿದರು. ಅವಳ ತುಟಿ ಬಾಯಿಪಾಠಕ್ಕೆ ಅಲುಗಿತು. ಆಮೇಲೆ ಕೈ ಮುಂದೆ ಹೋಗಿ ಕಲ್ಲನ್ನೆತ್ತಿಕೊಂಡಿತು.

"ಸರ್, ದಿಸ್ ಸೈಡ್ ಹಿಟ್, ಸ್ಲ್ಯಾಬ್ ಕಮ್ಸ್. ದಟ್ ಸೈಡ್ ಹಿಟ್, ಓನ್ಲಿ ಪೀಸಸ್."

"ವೈ?"

"ಲೇಯರ್ಸ್, ಸರ್. ಪ್ರೆಶರ್ ಮೇಡ್ ಲೇಯರ್ಸ್."

ಅವರು ಇನ್ನೂ ಆರು ಪ್ರಶ್ನೆ ಕೇಳಿದರು. ಒಂದಕ್ಕೂ ಅವಳು ಮೊದಲಿನಿಂದ ಶುರು ಮಾಡಲಿಲ್ಲ.

ಅವಳ ನಂತರ ಬಂದವನು ವ್ಯಾಖ್ಯೆಯನ್ನು ರೈಲಿನಂತೆ ಓಡಿಸಿದ. ಮೇಜಿನ ಮೇಲಿರುವ ಕಲ್ಲುಗಳಲ್ಲಿ ಯಾವುದರಲ್ಲಿ ಆ ಪದರಗಳಿವೆ ಎಂದು ಕೇಳಿದಾಗ ಅಂಥ ಪದರವೇ ಇಲ್ಲದ ಸುಣ್ಣಕಲ್ಲನ್ನು ತೋರಿಸಿದ. ರೇಣುಕಾ ಪಾಸಾದಳು. ಅವನಿಗೆ ಅವಳಿಗಿಂತ ಹೆಚ್ಚು ಅಂಕ ಬಂತು. ನಾನು ದಂಗಾಗಿ ಪರೀಕ್ಷಕರನ್ನು ನೋಡಿದೆ. ಅವರು ಸಂಕೋಚದಿಂದ ಅಂಕ ತುಂಬುವ ನಮೂನೆಯನ್ನು ನನ್ನತ್ತ ಸರಿಸಿದರು. ಅದರಲ್ಲಿ ಭಾಷಾಶುದ್ಧಿಗೆ ಒಂದು ಅಂಕಣವಿತ್ತು, ನಿರರ್ಗಳತೆಗೆ ಇನ್ನೊಂದು. ಅರ್ಥವಾಗಿದೆಯೇ ಎಂಬುದಕ್ಕೆ ಜಾಗವಿರಲಿಲ್ಲ.

ನನ್ನ ಸಿಟ್ಟನ್ನು ಕಂಡು ರೇಣುಕಾಳೇ ಸಮಾಧಾನ ಹೇಳಿದಳು: "ಪಾಸಾದೆನಲ್ಲ ಮೇಡಂ, ಬಿಡ್ರಿ. ಎಂಎಸ್ಸಿ ಅರ್ಜಿ ಯಾವಾಗ ಬಿಡ್ತಾರೆ, ಅದು ಹೇಳ್ರಿ."

ನಮೂನೆ ಬದಲಾಗಲು ಸಮಿತಿ ಬೇಕು, ಸಭೆ ಬೇಕು. ಅದಕ್ಕೆ ನಾನು ಅರ್ಜಿ ಬರೆದಿದ್ದೇನೆ. ಅಲ್ಲಿಯವರೆಗೆ, ನೀವು ಎಲ್ಲಿಯಾದರೂ ಪಾಠ ಹೇಳುವವರಾಗಿದ್ದರೆ, ನಾಳೆ ಒಂದು ಕೆಲಸ ಮಾಡಿ. ತರಗತಿಯ ಕೊನೆಯ ಹತ್ತು ನಿಮಿಷ ಒಬ್ಬ ವಿದ್ಯಾರ್ಥಿಗೆ ಬಿಟ್ಟುಕೊಡಿ. ಅಂದಿನ ಪಾಠವನ್ನು ಮೊದಲು ತನ್ನ ಮನೆಯ ಮಾತಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಲಿ. ವಾಕ್ಯ ಮುರಿದರೆ ಮುರಿಯಲಿ. ದಯವಿಟ್ಟು ಮುಗಿಯುವ ತನಕ ಕೇಳಿಸಿಕೊಳ್ಳಿ.