ಸುಣ್ಣದಕ್ಕ ನೆಲದ ಮೇಲೆ ಬರೆಯುವ ಮನೆಗಳು

ಬೀದಿದೀಪಗಳು ಇನ್ನೂ ಆರಿಲ್ಲ. ಹೊಸ ಬಡಾವಣೆಯ ಖಾಲಿ ನಿವೇಶನವೊಂದರಲ್ಲಿ ಹೆಂಗಸೊಬ್ಬರು ಸೊಂಟ ಬಗ್ಗಿಸಿಕೊಂಡು ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದಾರೆ. ಕೈಯಲ್ಲಿ ತಳಕ್ಕೆ ತೂತು ಹೊಡೆದ ಡಬ್ಬ. ಅದರಿಂದ ಸುಣ್ಣದ ಪುಡಿ ಉದುರಿ, ಎಳೆದು ಕಟ್ಟಿದ ದಾರದ ಗುಂಟ ಬಿಳಿ ಗೆರೆ ಮೂಡುತ್ತಿದೆ. ನೋಡನೋಡುತ್ತಲೇ ಒಂದು ಹಜಾರ, ಅದರ ಹಿಂದೊಂದು ಪುಟ್ಟ ಕೋಣೆ, ಅಡುಗೆಮನೆ, ಬಚ್ಚಲು, ಎರಡು ಮಲಗುವ ಕೋಣೆ ನೆಲದ ಮೇಲೆ ಹರಡಿಕೊಳ್ಳುತ್ತವೆ. ಹತ್ತಿರ ಹೋಗಿ ಮಾತಾಡಿಸೋಣವೆಂದು ನಾನು ಸೀದಾ ಗೆರೆ ದಾಟುತ್ತೇನೆ.

“ಗೋಡೆ ಹಾಯ್ದು ಬಂದ್ರಲ್ಲ! ಬಾಗಿಲು ಆ ಕಡೆ ಇದೆ,” ಎನ್ನುತ್ತಾರೆ ಅವರು, ತಲೆ ಎತ್ತದೆ.

ಗಾರೆ ಕೆಲಸದವರ ಬಾಯಲ್ಲಿ ಇವರು ‘ಸುಣ್ಣದಕ್ಕ’. ವಯಸ್ಸು ಐವತ್ತು ದಾಟಿದೆ. ಮನೆಗಳ ನಕ್ಷೆ ಬರೆದು ನಗರಸಭೆಯಿಂದ ಕಟ್ಟಡ ಪರವಾನಗಿ ಮಾಡಿಸಿಕೊಡುವ ಎಂಜಿನಿಯರೊಬ್ಬರ ಕಚೇರಿಯಲ್ಲಿ ಕೆಲಸ. ಅರ್ಜಿ ಹಾಕುವ ಮೊದಲು ಆ ನಕ್ಷೆಯನ್ನು ನಿವೇಶನದ ಮೇಲೆ ಅಳತೆಗೆ ಸರಿಯಾಗಿ ಬರೆದು, ಮನೆಯವರನ್ನು ಅದರೊಳಗೆ ಓಡಾಡಿಸುವುದು ಇವರ ಪಾಲಿನದು. ಬೆಳಕು ಹರಿಯುವ ಮುಂಚೆಯೇ ಯಾಕೆ ಎಂದರೆ, “ಗಾಳಿ ಎದ್ರೆ ಮನೆಯೇ ಹಾರಿ ಹೋಗುತ್ತಲ್ಲ!” ಎಂದು ನಗುತ್ತಾರೆ.

ಮೊದಲು ಇವರು ಅದೇ ಕಚೇರಿಯಲ್ಲಿ ಕಸ ಗುಡಿಸಿ, ನಕ್ಷೆಗಳನ್ನು ಮಡಚಿ, ಜೆರಾಕ್ಸ್ ಮಾಡಿಸಿಕೊಂಡು ಬರುತ್ತಿದ್ದವರು. ಸುಣ್ಣದ ಡಬ್ಬ ಕೈಗೆ ಬಂದದ್ದು ಅಣ್ಣನ ಮನೆಯಿಂದಾಗಿ. “ನಮ್ಮ ಸಾರ್ ನಕ್ಷೆ ತೋರಿಸಿದಾಗ ಅಣ್ಣ ಹೂಂ ಅಂದ, ಅತ್ತಿಗೆ ಹೂಂ ಅಂದ್ರು, ನಾನೂ ಹೂಂ ಅಂದೆ. ಒಬ್ಬರಿಗೂ ತಲೆಬುಡ ಗೊತ್ತಾಗಿರ್ಲಿಲ್ಲ. ಗೋಡೆ ಎದ್ದ ಮೇಲೆ ನೋಡಿದ್ರೆ, ಅತ್ತಿಗೆ ಒಲೆ ಮುಂದೆ ನಿಂತ್ರೆ ಹಿಂದೆ ಇನ್ನೊಬ್ಬರು ಹೋಗೋಕೆ ಆಗ್ತಿರ್ಲಿಲ್ಲ.” ಅಣ್ಣ ಯಾರಿಗೂ ಹೇಳದೆ ಗೋಡೆಯನ್ನು ಹೊರಕ್ಕೆ ಸರಿಸಿದರು, ಖಾಲಿ ಬಿಡಬೇಕಾದ ಜಾಗಕ್ಕೆ. ತನಿಖೆಗೆ ಬಂದ ನಗರಸಭೆಯವರು ಒಪ್ಪಲಿಲ್ಲ. ಕಟ್ಟಿದ ಕೈಯಲ್ಲೇ ಅಣ್ಣ ಒಡೆಯಬೇಕಾಯಿತು. ಅತ್ತಿಗೆ ಇಟ್ಟಿಗೆ ಚೂರು ಹೊರುತ್ತಾ ಅತ್ತದ್ದನ್ನು ಸುಣ್ಣದಕ್ಕ ಮರೆತಿಲ್ಲ.

ಮರುದಿನವೇ ಅವರು ಎಂಜಿನಿಯರ್ ಮುಂದೆ ನಿಂತರು. “ಸಾರ್, ಸಹಿ ಹಾಕಿಸ್ಕೊಳ್ಳೋ ಮುಂಚೆ ಮನೆಯೊಳಗೆ ಒಂದು ಸಲ ಓಡಾಡಿಸಿಬಿಟ್ರೆ?” ಎಂಜಿನಿಯರ್ ನಕ್ಕರಂತೆ. ಆಮೇಲೆ ತಾವೇ ಟೇಪು ಹಿಡಿಯುವುದನ್ನು, ಮೂಲೆ ಕೂಡಿಸುವುದನ್ನು ಹೇಳಿಕೊಟ್ಟರಂತೆ. ಇಷ್ಟು ವರ್ಷಗಳಲ್ಲಿ ಸುಣ್ಣ ಬೆರಳುಗಳನ್ನು ಸೀಳಿದೆ. ಮಂಡಿ ಮಾತು ಕೇಳುವುದಿಲ್ಲ. ಬಗ್ಗದೆ ಗೆರೆ ಹಾಕಲು ಉದ್ದ ಹಿಡಿಯ ಡಬ್ಬವೊಂದನ್ನು ಮಾಡಿಸಿಕೊಳ್ಳಬೇಕೆಂದು ಆಸೆ.

ಅಷ್ಟರಲ್ಲಿ ಆಟೋ ಬಂದು ನಿಲ್ಲುತ್ತದೆ. ಇಂದಿನ ಮನೆ ಒಬ್ಬ ಬಸ್ ಕಂಡಕ್ಟರ್‌ದು. ಅವರು, ಅವರ ಹೆಂಡತಿ ಸೇರಿ ತಾಯಿಯನ್ನು ಇಳಿಸಿ ಗಾಲಿಕುರ್ಚಿಯಲ್ಲಿ ಕೂರಿಸುತ್ತಾರೆ. ಬಿದ್ದು ಕಾಲು ಮುರಿದಾಗಿನಿಂದ ಅಜ್ಜಿ ಬಾಡಿಗೆ ಮನೆಯ ಮಹಡಿಯ ಮೇಲೇ ಉಳಿದುಬಿಟ್ಟಿದ್ದಾರೆ. ಮೆಟ್ಟಿಲಿಲ್ಲದ, ನೆಲಮಟ್ಟದ ಒಂದು ಸ್ವಂತ ಮನೆ ಎನ್ನುವುದೇ ಈ ಕುಟುಂಬದ ಧ್ಯಾನ. ಆದರೆ ನಗರಸಭೆ ಮೊದಲು ಹಾಕಿದ ಅರ್ಜಿಯನ್ನು ಹಿಂದಿರುಗಿಸಿದೆ; ಮತ್ತೆ ಹಾಕುವ ಮುಂಚೆ ಇನ್ನೊಮ್ಮೆ ಈ ಓಡಾಟ. ಹಿಂಭಾಗದಲ್ಲಿ ಇನ್ನೂ ಮೂರು ಅಡಿ ಖಾಲಿ ಬಿಡಬೇಕು. ಹಿಂಭಾಗದಲ್ಲಿರುವುದು ಅಜ್ಜಿಯ ಕೋಣೆ.

“ಅದನ್ನೇ ಚಿಕ್ಕದು ಮಾಡಿ. ನನಗೇನು, ಒಂದು ಮಂಚ ಹಿಡಿದ್ರೆ ಸಾಕು,” ಎನ್ನುತ್ತಾರೆ ಅಜ್ಜಿ.

ಸುಣ್ಣದಕ್ಕ ವಾದಿಸುವುದಿಲ್ಲ. ಮೂರು ಅಡಿ ಒಳಕ್ಕೆ ಹೊಸ ಗೆರೆ ಎಳೆದು, ಮಂಚದ ಜಾಗ ಗುರುತಿಸುತ್ತಾರೆ. “ಈಗ ಎದ್ದು ಬಚ್ಚಲಿಗೆ ಹೊರಡಿ ನೋಡೋಣ, ಅಜ್ಜಿ.”

ಮಗ ಕುರ್ಚಿ ತಿರುಗಿಸುತ್ತಾರೆ. ಚಕ್ರ ಗೆರೆಯ ಮೇಲೆ ಹತ್ತುತ್ತದೆ. ಹಿಂದಕ್ಕೆಳೆದು ಮತ್ತೆ ತಿರುಗಿಸಿದರೆ ಮಂಚಕ್ಕೆ ತಾಗುತ್ತದೆ. ಮೂರನೆಯ ಸಲ ಅವರು ಕುರ್ಚಿಯಿಂದ ಕೈ ತೆಗೆದುಬಿಡುತ್ತಾರೆ. “ಇಷ್ಟು ಸಾಲ ಸೋಲ ಮಾಡಿ ಕಟ್ಟೋ ಮನೇಲೂ ಅಮ್ಮ ಕೂತಲ್ಲೇ ಕೂತಿರ್ಬೇಕಾ?” ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತಾ ಬೇರೆಲ್ಲೋ ನೋಡುತ್ತಾರೆ.

ಈವರೆಗೆ ತುಟಿ ಪಿಟಕ್ಕೆನ್ನದ ಸೊಸೆ ಹಜಾರದ ಹಿಂದಿದ್ದ ಪುಟ್ಟ ಕೋಣೆಗೆ ಹೋಗುತ್ತಾರೆ. ಅದು ಊಟದ ಕೋಣೆ. ಇಡೀ ನಕ್ಷೆಯಲ್ಲಿ ಅವರು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಚಪ್ಪಲಿಯಿಂದ ಅದರ ಗೋಡೆಯನ್ನು ಪರಪರ ಒರೆಸತೊಡಗುತ್ತಾರೆ.

“ಏನು ಮಾಡ್ತಿದ್ದೀಯ?” ಗಂಡ ಗಾಬರಿಯಾಗುತ್ತಾರೆ.

“ಗೋಡೆ ಒಡೀತಿದ್ದೀನಿ. ಅತ್ತೆ ಕೋಣೆ ಇಲ್ಲಿಗೆ ಮುಂದಕ್ಕೆ ಬರ್ಲಿ.”

“ನಿನ್ನ ಊಟದ ಮೇಜು ಎಲ್ಲಿಡ್ತೀಯೇ?” ಅಜ್ಜಿ ಕೇಳುತ್ತಾರೆ.

“ಹಜಾರದಲ್ಲೇ ಇರ್ಲಿ ಬಿಡಿ ಅತ್ತೆ. ಈಗ ಎಲ್ಲರೂ ತಟ್ಟೆ ಹಿಡ್ಕೊಂಡು ನಿಮ್ಮ ಮಂಚದ ಮೇಲೇ ತಾನೇ ಕೂರೋದು?”

ಸುಣ್ಣದಕ್ಕ ಆಗಲೇ ಟೇಪು ಬಿಚ್ಚಿದ್ದಾರೆ. ಕೋಣೆ ಮುಂದಕ್ಕೆ ಬರುತ್ತದೆ, ಹಿಂದೆ ಮೂರು ಅಡಿ ಉಳಿಯುತ್ತದೆ. ಈ ಸಲ ಅಜ್ಜಿ ಮಗನ ಕೈ ತಳ್ಳಿ ತಾವೇ ಚಕ್ರ ಹಿಡಿಯುತ್ತಾರೆ. ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಹಜಾರಕ್ಕೆ, ಅಲ್ಲಿಂದ ಅಡುಗೆಮನೆ ಬಾಗಿಲಿಗೆ. ಒಂದು ಗೆರೆಯೂ ಕದಡುವುದಿಲ್ಲ. “ಏನೇ, ಕಾಫಿ ಆಯ್ತಾ?” ಎಂದು ಖಾಲಿ ಬಯಲಿನಲ್ಲಿ ಸೊಸೆಯನ್ನು ಕೇಳುತ್ತಾರೆ. ಎಲ್ಲರಿಗೂ ನಗು ಉಕ್ಕುತ್ತದೆ. ಕಂಡಕ್ಟರ್ ಮಾತ್ರ ಆ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಾರೆ.

ತಿದ್ದಿದ ನಕ್ಷೆಯನ್ನು ಎಂಜಿನಿಯರ್ ಅದೇ ವಾರ ಸಲ್ಲಿಸುತ್ತಾರೆ. ಸ್ಥಳ ತನಿಖೆ ಮುಗಿಯುತ್ತದೆ, ಆಮೇಲೆ ಬರೀ ಕಾಯುವುದು. ಒಂದು ಮಧ್ಯಾಹ್ನ ಕಚೇರಿಗೆ ಫೋನ್ ಬರುತ್ತದೆ. ಹಿಂದೆ ಬಸ್ಸಿನ ಗದ್ದಲ. “ಅಕ್ಕಾ, ಬಂತು!” ಎಂದು ಕಂಡಕ್ಟರ್ ಕೂಗುತ್ತಾರೆ. “ಸದ್ಯ!” ಎಂದು ಸುಣ್ಣದಕ್ಕ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂರುತ್ತಾರೆ. ಪರವಾನಗಿ ತಮ್ಮದೇ ಮನೆಗೆ ಬಂದ ಹಾಗೆ.

ಪಾಯ ತೋಡುವ ದಿನ ಅವರೊಂದಿಗೆ ನಾನೂ ಹೋಗುತ್ತೇನೆ. ಗುದ್ದಲಿ, ಪಿಕಾಸಿಗಳ ನಡುವೆ ಬಿಳಿ ಗೆರೆಯ ಗುರುತೂ ಇಲ್ಲ. ಬೇಜಾರಾಗುವುದಿಲ್ಲವೇ ಎಂದು ಕೇಳುತ್ತೇನೆ.

“ಬೇಜಾರು ಯಾಕೆ? ನಾನು ಹಾಕಿದ ಗೋಡೆ ಒರೆಸೋಕೆ ಒಂದು ಚಪ್ಪಲಿ ಸಾಕು. ಅದಕ್ಕೇ ತಾನೇ ಜನ ನನ್ನ ಹತ್ರ ಬರೋದು,” ಎನ್ನುತ್ತಾ ಅವರು ಅಜ್ಜಿಯ ಕೋಣೆಯ ಪಾಯವನ್ನು ಇಣುಕಿ ನೋಡುತ್ತಾರೆ.