ನಲವತ್ತೊಂದು ದೋಷಗಳ ಮನೆ

ನಮ್ಮ ಭಾವ ವಕೀಲರು. ಕೊಲೆ, ಕಳವು, ವಿಚ್ಛೇದನ ಯಾವುದನ್ನೂ ಮುಟ್ಟುವವರಲ್ಲ. ಮನೆ ತೆರಿಗೆಯೊಂದೇ ಅವರ ಕಸುಬು. ಯಾರಿಗಾದರೂ ತೆರಿಗೆ ಹೆಚ್ಚಾಗಿ ಬಂದರೆ ಭಾವ ಹೋಗಿ ಆ ಮನೆಯ ದೋಷಗಳನ್ನೆಲ್ಲ ಪಟ್ಟಿ ಮಾಡಿ, ‘ಇಂಥ ಕೊಂಪೆಗೆ ಇಷ್ಟೊಂದು ತೆರಿಗೆಯೇ?’ ಎಂದು ಮೇಲ್ಮನವಿ ಹಾಕುತ್ತಾರೆ. ಮನೆಯ ಮಾನ ಹೋದಷ್ಟೂ ಮಾಲೀಕನ ದುಡ್ಡು ಉಳಿಯುತ್ತದೆ.

ಮೂವತ್ತು ವರ್ಷ ಇದೇ ಕೆಲಸ ಮಾಡಿದ ಕಣ್ಣು ಬೇರೇನನ್ನು ನೋಡೀತು? ನಾನು ಮನೆ ಕಟ್ಟಿಸಿ ಕರೆದಾಗ ಭಾವ ನಡುಮನೆಯ ಗೋಡೆಗೆ ಹೆಬ್ಬೆರಳೊತ್ತಿ “ಹೂಂ” ಎಂದರು. ಅಷ್ಟೇ. ಹದಿನೈದು ವರ್ಷವಾಯಿತು, ಆ ಗೋಡೆಗೆ ನಾನಿನ್ನೂ ಒರಗಿ ಕೂತಿಲ್ಲ.

ಪಾಪ, ಸಿಕ್ಕಿಹಾಕಿಕೊಂಡವಳು ನನ್ನ ಅಕ್ಕ. ಮದುವೆಯಾದಾಗಿನಿಂದ ಬಾಡಿಗೆ ಮನೆ. ಯಾರನ್ನೂ ಕೇಳದೆ ಮೊಳೆ ಹೊಡೆಯಬಹುದಾದ ಒಂದು ಗೋಡೆ ಬೇಕು, ಅವಳ ಆಸೆ ಇಷ್ಟೇ. ದುಡ್ಡಿಗೆ ಕೊರತೆಯಿರಲಿಲ್ಲ, ಭಾವ ಒಪ್ಪುವ ಮನೆಗೆ ಕೊರತೆ. ಒಂದರ ಮೆಟ್ಟಿಲು ಎತ್ತರ, ಇನ್ನೊಂದಕ್ಕೆ ಚರಂಡಿ ಹತ್ತಿರ. ಮತ್ತೊಂದರಲ್ಲಿ ಮಧ್ಯಾಹ್ನದವರೆಗೂ ಹುಡುಕಿ ಏನೂ ಸಿಗದೆ, “ಇಷ್ಟು ಚೆನ್ನಾಗಿದೆ ಅಂದ್ರೆ ಏನೋ ಮುಚ್ಚಿಟ್ಟಿದ್ದಾರೆ” ಎಂದು ಎದ್ದು ಬಂದರು.

“ನನ್ನನ್ನ ಮದುವೆ ಆಗೋವಾಗ ಒಂದೂ ದೋಷ ಕಾಣ್ಲಿಲ್ವಾ ನಿಮ್ಗೆ?” ಅಂದಳು ಅಕ್ಕ.

“ಆಗಿನ್ನೂ ಪ್ರಾಕ್ಟೀಸ್ ಶುರು ಮಾಡಿರ್ಲಿಲ್ಲ ಕಣೇ.”

ಕಳೆದ ವರ್ಷ ನಿವೃತ್ತ ಹೆಡ್‌ಮಾಸ್ಟರೊಬ್ಬರು ಭಾವನ ಆಫೀಸಿಗೆ, ಅಂದರೆ ಬಾಡಿಗೆ ಮನೆಯ ಮುಂದಿನ ಕೋಣೆಗೆ ಬಂದರು. ಅವರ ಮನೆಯ ತೆರಿಗೆಯನ್ನು ಭಾವ ಹಿಂದೊಮ್ಮೆ ಅರ್ಧಕ್ಕಿಳಿಸಿದ್ದರು. ಈಗ ಆ ಮನೆ ಮಾರಬೇಕಂತೆ, ಕಾಗದಪತ್ರ ಭಾವನೇ ಮಾಡಿಕೊಡಬೇಕಂತೆ. “ಅರಮನೆ ಸ್ವಾಮಿ, ಅರಮನೆ!” ಎಂದು ಬೆಲೆ ಹೇಳಿದರು. ಅಲ್ಲೇ ಪೇಪರ್ ಓದುತ್ತಿದ್ದ ನನಗೆ ಬೆಲೆ ಕೇಳಿ ಪುಟ ತಿರುವುವುದೇ ಮರೆತುಹೋಯಿತು.

ಒಳಗಿನಿಂದ ಅಕ್ಕ ಬಂದಳು. ಭಾವನ ಮೇಲ್ಮನವಿಗಳನ್ನೆಲ್ಲ ಟೈಪ್ ಮಾಡುವವಳು ಅವಳೇ; ಊರಿನ ಅರ್ಧ ಮನೆಗಳ ಬಿರುಕು ಅವಳಿಗೆ ಬಾಯಿಪಾಠ. ಕೈಯಲ್ಲೊಂದು ಫೈಲಿತ್ತು.

“ಮೇಷ್ಟ್ರೇ, ಈ ಸಹಿ ನಿಮ್ದೇ ತಾನೆ?”

“ನಂದೇ ಕಣಮ್ಮ.”

“ಹಾಗಾದ್ರೆ ಕೇಳಿ. ಚಾವಣಿ ಮೂರು ಕಡೆ ಸೋರುತ್ತೆ. ಅಡುಗೆಮನೇಲಿ ಹಗಲಲ್ಲೂ ದೀಪ ಬೇಕು. ಬಚ್ಚಲ ನೀರು ನಡುಮನೆಗೇ ಬರುತ್ತೆ. ಹೀಗೆ ನಲವತ್ತೊಂದು. ಎಲ್ಲಾ ಸತ್ಯ ಅಂತ ನೀವೇ ಬರ್ದುಕೊಟ್ಟಿದ್ದೀರಿ. ಅರಮನೆ ಸೋರುತ್ತಾ ಮೇಷ್ಟ್ರೇ?”

“ಅದೆಲ್ಲ ನಿಮ್ಮ ಯಜಮಾನ್ರು ಬರೆದದ್ದಮ್ಮ...”

“ಸುಳ್ಳು ಬರೆದ್ರಾ?”

ಮೇಷ್ಟ್ರು ಭಾವನನ್ನು ನೋಡಿದರು. ಭಾವ ಚಾವಣಿ ನೋಡಿದರು. ಬೆಲೆ ಕಾಲುಭಾಗ ಇಳಿಯಿತು. “ಕೊಳ್ಳೋಳು ಇವಳಾದ್ರೆ, ಕಾಗದಪತ್ರಕ್ಕೆ ಬೇರೆ ವಕೀಲರನ್ನ ನೋಡ್ಕೊಳ್ಳಿ ಮೇಷ್ಟ್ರೇ” ಎಂದಷ್ಟೇ ಹೇಳಲು ಭಾವನಿಗೆ ಉಸಿರಿತ್ತು.

ಅಕ್ಕ ಅವರತ್ತ ತಿರುಗಿದಳು. “ಇನ್ನು ನೀವು. ನಲವತ್ತೆರಡನೇ ದೋಷ ಏನಾದ್ರೂ ಇದ್ರೆ ಈಗ್ಲೇ ಹೇಳಿ.”

ಭಾವ ಬಾಯಿ ತೆರೆದರು. ಹೇಳಿದರೆ, ಅಂದು ಒಂದು ದೋಷ ತಮ್ಮ ಕಣ್ಣಿಗೆ ಬೀಳದೆ ಹೋಗಿತ್ತು ಎಂದು ಒಪ್ಪಿಕೊಂಡಂತೆ. ಮೂವತ್ತು ವರ್ಷದ ಹೆಸರು! ಬಾಯಿ ಮುಚ್ಚಿದರು. ಮನೆ ಅಕ್ಕನದಾಯಿತು. ಮೊದಲ ದಿನವೇ ಹನ್ನೊಂದು ಮೊಳೆ ಹೊಡೆದಳು.

ಹೋದ ತಿಂಗಳು ಆ ಮನೆಗೆ ತೆರಿಗೆ ನೋಟೀಸು ಬಂತು, ಹಿಂದಿನದರ ಎರಡು ಪಟ್ಟು. ನಾನು ಹೋದಾಗ ಅಕ್ಕ ಮೇಲ್ಮನವಿ ಟೈಪ್ ಮಾಡಲು ಕಂಪ್ಯೂಟರ್ ಮುಂದೆ ಕೂತಿದ್ದಳು, ಪಕ್ಕದಲ್ಲಿ ಭಾವ.

“ಹೇಳಿ, ಚಾವಣಿ ಸೋರುತ್ತೆ ಅಂತ ಟೈಪ್ ಮಾಡ್ಲಾ?”

“ಅದು ಸೋರೋದಾ? ಒಂದೆರಡು ಹನಿ.”

“ಅಡುಗೆಮನೆ ಕತ್ತಲೆ?”

“ತಂಪಾಗಿದೆ ಕಣೇ.”

ನೆರವಾಗೋಣವೆಂದು ನಾನು, “ಭಾವ, ಆ ಗೋಡೆ ಬಿರುಕು...” ಅಂದೆ.

“ಯಾವ ಬಿರುಕೋ? ಮೊದ್ಲು ನಿನ್ನ ನಡುಮನೆ ಗೋಡೆ ನೋಡ್ಕೋ ಹೋಗು!”

ಮರುದಿನ ಭಾವ ಪೂರ್ತಿ ತೆರಿಗೆ ಕಟ್ಟಿಬಂದರು. ಅಕ್ಕ ಆ ರಸೀದಿಗೆ ಚೌಕಟ್ಟು ಹಾಕಿಸಿ ಹನ್ನೆರಡನೇ ಮೊಳೆ ಹೊಡೆದಿದ್ದಾಳೆ.